ಅಡಿಕೆ ಸಿಪ್ಪೆಯ ನಾರಿನಿಂದ ಗಟ್ಟಿ ಹಲಗೆ ಮಾಡುವುದು ಹೇಗೆ?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ) ಸುಲಿದು ಮುಗಿಯುವಾಗ ಅಂಗಳದ ಮೂಲೆಯಲ್ಲಿ ಸಿಪ್ಪೆ ರಾಶಿ ಬಿದ್ದಿರುತ್ತದೆ. ಒಂದಷ್ಟು ಬಚ್ಚಲೊಲೆಗೆ, ಉಳಿದದ್ದು ಮರದ ಬುಡಕ್ಕೆ. ಅದರಲ್ಲಿ ಸ್ವಲ್ಪ ಎತ್ತಿಟ್ಟುಕೊಳ್ಳಿ. ಕಾಸರಗೋಡು ಕರಾವಳಿಯಲ್ಲಿ ಫೈಬರ್ ದೋಣಿಗೆ ಬಳಸುತ್ತಾರಲ್ವಾ, ಅದೇ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟು ದ್ರವ) ಇದಕ್ಕೂ ಆಗುತ್ತದೆ. ದೋಣಿಗೆ ಗಾಜಿನ ನಾರು, ನಮಗೆ ಅಡಿಕೆಯದ್ದು. ಗಾಜಿನಷ್ಟು ಬಲ ಬರುವುದಿಲ್ಲ, ಆದರೆ ಹಲಗೆ ಹಗುರ.

ಸಿಪ್ಪೆಯನ್ನು ನಾಲ್ಕೈದು ದಿನ ನೀರಲ್ಲಿ ನೆನೆಸಿ, ಮರದ ತುಂಡಿನಿಂದ ಜಜ್ಜಿ ನಾರು ಬಿಡಿಸಿ.

ಮುಂದಿನ ಹಂತವನ್ನು ಮಾತ್ರ ದಯವಿಟ್ಟು ಬಿಡಬೇಡಿ. ನಾರಿಗೆ ನೀರು ಇಷ್ಟ, ರೆಸಿನ್‌ಗೆ ನೀರು ಆಗುವುದಿಲ್ಲ. ಅದಕ್ಕೇ ಎರಡೂ ಸುಲಭಕ್ಕೆ ಅಂಟಿಕೊಳ್ಳುವುದಿಲ್ಲ. ಒಂದು ಲೀಟರ್ ನೀರಿಗೆ 50 ಗ್ರಾಂ ಕಾಸ್ಟಿಕ್ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ ಕರಗಿಸಿ. ಸೋಡಾದ ಮೇಲೆ ನೀರು ಸುರಿಯಬೇಡಿ, ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ ಇರಲಿ, ಅಲ್ಯೂಮಿನಿಯಂ ಪಾತ್ರೆಯನ್ನು ಇದು ತಿಂದುಹಾಕುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ನಾರು ಎರಡು ಗಂಟೆ ಅದರಲ್ಲಿ ಮುಳುಗಿರಲಿ. ಮೇಲಿನ ಮೇಣ, ಜಿಡ್ಡು, ಒಂದಷ್ಟು ಲಿಗ್ನಿನ್ (ನಾರನ್ನು ಬಿಗಿಯಾಗಿ ಹಿಡಿದಿಡುವ ಅಂಟಿನಂಥ ವಸ್ತು) ಬಿಟ್ಟು ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ನಾರಿನ ಮೈ ತರಿತರಿ ಆಗುತ್ತದೆ. ರೆಸಿನ್‌ಗೆ ಹಿಡಿತ ಸಿಗುವುದು ಆ ತರಿಯಲ್ಲೇ. ಆಮೇಲೆ ಚೆನ್ನಾಗಿ ತೊಳೆದು, ಸ್ವಲ್ಪ ವಿನೆಗರ್ ಬೆರೆಸಿದ ನೀರಲ್ಲಿ ಅದ್ದಿ, ಮತ್ತೆ ತೊಳೆದು, ಬಿಸಿಲಿಗೆ ಗರಿಗರಿಯಾಗುವಷ್ಟು ಒಣಗಿಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು, ನಮ್ಮೂರಿನ ತೇವಕ್ಕೆ ಒಣಗಿದ ನಾರೂ ಮತ್ತೆ ನೀರು ಎಳೆದುಕೊಳ್ಳುತ್ತದೆ.

ಅಂಗಡಿಯಲ್ಲಿ ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ನೆರವಾಗುವ ದ್ರವ) ಮೊದಲೇ ಬೆರೆಸಿದ ರೆಸಿನ್ ಕೇಳಿ ತನ್ನಿ. ಕೋಬಾಲ್ಟ್ ಮತ್ತು ಹಾರ್ಡ್‌ನರ್ (ರೆಸಿನ್ ಗಟ್ಟಿ ಮಾಡಲು ಕೊನೆಗೆ ಬೆರೆಸುವ ದ್ರವ) ನೇರವಾಗಿ ಒಂದಕ್ಕೊಂದು ಸೇರಿದರೆ ಸ್ಫೋಟ ಆಗಬಹುದು. ಕೆಲಸ ಗಾಳಿಯಾಡುವ ಜಗಲಿಯಲ್ಲಿ, ಹತ್ತಿರ ಬೆಂಕಿ ಬೇಡ.

ಅಚ್ಚಿಗೆ ಬಳಸುವ ಗಾಜಿನ ಹಲಗೆಗೆ, ರೆಸಿನ್ ಅಂಟದ ಹಾಗೆ, ಮೇಣದ ಪಾಲಿಶ್ ಉಜ್ಜಿ. 100 ಗ್ರಾಂ ರೆಸಿನ್‌ಗೆ ಒಂದು ಗ್ರಾಂನಷ್ಟು ಹಾರ್ಡ್‌ನರ್ ಬೆರೆಸಿ, ಒಂದು ಪದರ ಬಳಿದು, ಮೇಲೆ ನಾರು ಹರಡಿ, ಮತ್ತೆ ರೆಸಿನ್, ಮತ್ತೆ ನಾರು. ಒಟ್ಟು 20-25 ಗ್ರಾಂ ನಾರು ಸಾಕು. ಜಾಸ್ತಿ ತುರುಕಿದರೆ ಒಳಗೆ ಒಣ ಜಾಗ ಉಳಿದು ಹಲಗೆ ಸೀಳುತ್ತದೆ. ರೋಲರ್‌ನಿಂದ ಒತ್ತಿ ಗುಳ್ಳೆ ತೆಗೆಯಿರಿ. ಸೆಕೆಗೆ ರೆಸಿನ್ ಬೇಗ ಗಟ್ಟಿಯಾಗುತ್ತದೆ, ಹಾಗಾಗಿ ತಡ ಮಾಡಬೇಡಿ. ಮೇಲೆ ಪಾಲಿಥೀನ್ ಹಾಸಿ, ಇನ್ನೊಂದು ಹಲಗೆ ಇಟ್ಟು, ಕೆಂಪುಕಲ್ಲು ಹೇರಿ. ಮರುದಿನ ಬಿಡಿಸಿ.

ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ ಮುರಿದು ನೋಡಿ. ಮುರಿದ ಕಡೆ ಉದ್ದುದ್ದ ನಾರು ನುಣ್ಣಗೆ ಹೊರಬಂದಿದ್ದರೆ ಹಿಡಿತ ಸಾಲಲಿಲ್ಲ ಎಂದರ್ಥ, ತೊಳೆಯುವುದು ಒಣಗಿಸುವುದು ಸರಿಯಾಗಿಲ್ಲ. ನಾರು ಗಿಡ್ಡಕ್ಕೆ ತುಂಡಾಗಿ, ಮೈಗೆ ರೆಸಿನ್ ಅಂಟಿಕೊಂಡೇ ಇದ್ದರೆ ಗೆದ್ದಿರಿ.

ಕಪಾಟಿನ ಬಾಗಿಲಿಗೆ, ಅಡ್ಡಗೋಡೆಗೆ ಇದು ಸಾಕು. ಊಟದ ಪಾತ್ರೆಗೆ ಬೇಡ. ಕತ್ತರಿಸಿದ ಅಂಚಿಗೆಲ್ಲ ರೆಸಿನ್ ಬಳಿಯಿರಿ, ನೀರು ಒಳಗೆ ನುಗ್ಗುವುದು ಅಲ್ಲಿಂದಲೇ.