ಸ್ಟ್ಯಾಂಡ್ ಮಿಕ್ಸರ್ ಮೂತಿಗೆ ಬೀಸುಕಲ್ಲು: ರೊಟ್ಟಿ ಹಿಟ್ಟು ಮನೆಯಲ್ಲೇ

ಪ್ಯಾಕೆಟ್ಟಿನ ಜೋಳದ ಹಿಟ್ಟಿಗೆ ಎಷ್ಟೇ ಕುದಿನೀರು ಹಾಕಿ ನಾದಿದರೂ, ರೊಟ್ಟಿ ಅಂಗೈಯಗಲ ಆಗುವಷ್ಟರಲ್ಲಿ ಅಂಚು ಬಿರಿಯತೊಡಗುತ್ತದೆ. ಹಿಟ್ಟು ಹಳತಾಗಿ ಜಿಗಿ ಹೋಗಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ಎಂಟು ದಿನಕ್ಕಾಗುವಷ್ಟು ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದರಾಯಿತು. ನಾನಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಊರು ದಾಟಿದರೆ ರಸ್ತೆಯ ಎರಡೂ ಬದಿಗೆ ಗೋಧಿ, ಜೋಳ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯವೇ ಇದು. ಮುಸುಕಿನ ಜೋಳವಲ್ಲ, ನಮ್ಮ ರೊಟ್ಟಿಯ ಜೋಳದ ಜಾತಿ. ಇಷ್ಟಿದ್ದರೂ ಒಂದು ಡಬ್ಬಿ ಜೋಳ ಒಯ್ದು ಬೀಸಿಸಿಕೊಂಡು ಬರಲು ಗಿರಣಿಯಿಲ್ಲ. ಹಾಗಾಗಿ ಕೇಕಿನ ಹಿಟ್ಟು ಕಲಸಲೆಂದು ಮನೆಯಲ್ಲಿದ್ದ ಕಿಚನ್‌ಏಡ್ ಸ್ಟ್ಯಾಂಡ್ ಮಿಕ್ಸರನ್ನೇ ಗಿರಣಿ ಮಾಡಿಕೊಂಡೆ.

ಈ ಮಿಕ್ಸರುಗಳ ಮೂತಿಯಲ್ಲಿ ಒಂದು ದುಂಡನೆಯ ಮುಚ್ಚಳವಿರುತ್ತದೆ. ಅದನ್ನು ತೆಗೆದರೆ ಒಳಗೆ ಚೌಕಾಕಾರದ ತೂತು. ಇದಕ್ಕೆಂದೇ ಬೇರೆಯಾಗಿ ಸಿಗುವ ಪುಟ್ಟ ಗಿರಣಿಯ ದಂಡವನ್ನು ಅಲ್ಲಿ ಕೂರಿಸಿ ತಿರುಪು ಬಿಗಿದರೆ ಹಿಟ್ಟು ಕಲಸುವ ಮೋಟಾರೇ ಕಾಳನ್ನೂ ಬೀಸುತ್ತದೆ. ಇಂಥ ಗಿರಣಿಗಳಲ್ಲಿ ಎರಡು ಬಗೆ. ಒಂದರಲ್ಲಿ ಉಕ್ಕಿನ ಹಲ್ಲಿನ ಚಕ್ರಗಳು, ಇನ್ನೊಂದರಲ್ಲಿ ಕಲ್ಲು. ಕಲ್ಲೆಂದರೆ ನಮ್ಮ ಕರಿಕಲ್ಲಲ್ಲ. ಕುರುಂದವೆಂಬ ಗಟ್ಟಿ ಖನಿಜದ ಹರಳುಗಳನ್ನು ಸೆರಾಮಿಕ್‌ನಲ್ಲಿ ಸೇರಿಸಿ ಸುಟ್ಟ ಬಿಲ್ಲೆಗಳು. ಕುರುಂದದ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 9, ಅದರ ಮೇಲಿರುವುದು ವಜ್ರ ಮಾತ್ರ. ಜರ್ಮನಿಯ ವೋಲ್ಫ್‌ಗ್ಯಾಂಗ್ ಮಾಕ್ ರೂಪಿಸಿದ ಮಾಕ್‌ಮಿಲ್ ಈ ಜಾತಿಯದು. ನನ್ನ ಹತ್ತಿರ ಎರಡೂ ಬಗೆ ಇವೆ, ಎರಡಕ್ಕೂ ಕೆಲಸವಿದೆ. ಉಕ್ಕಿನ ಹಲ್ಲು ಕಾಳನ್ನು ಒಡೆಯುತ್ತದೆ, ಕಲ್ಲು ಕಾಳನ್ನು ತೇಯುತ್ತದೆ. ನುಚ್ಚು, ರವೆ ಬೇಕಿದ್ದರೆ ಉಕ್ಕು. ರೊಟ್ಟಿ, ಚಪಾತಿ, ಮುದ್ದೆಯ ಹಿಟ್ಟಿಗೆ ಕಲ್ಲು. ಒಂದನ್ನೇ ಕೊಳ್ಳುವುದಾದರೆ ಕಲ್ಲಿನದನ್ನೇ ಕೊಳ್ಳಿ. ಕಲ್ಲನ್ನು ಸಡಿಲಿಸಿ ನುಚ್ಚು ಮಾಡಿಕೊಳ್ಳಬಹುದು. ಉಕ್ಕನ್ನು ಎಷ್ಟು ಬಿಗಿದರೂ ಜೋಳದ ಹಿಟ್ಟಿಗೆ ಬೇಕಾದ ಆ ಮೆತ್ತನೆ ಬರುವುದಿಲ್ಲ.

ಬೀಸುವ ಮೊದಲು ಕಾಳಿನ ಮಾತು. ಇಲ್ಲಿನ ಹೊಲಗಳ ಜೋಳ ಬಹುಪಾಲು ಕೆಂಪು, ಅದು ದನದ ಮೇವಿಗೂ ಎಥನಾಲಿಗೂ ಹೋಗುತ್ತದೆ. ರೊಟ್ಟಿಗೆ ಬೇಕಾದದ್ದು ತಿನ್ನಲೆಂದೇ ಬೆಳೆದ ಬಿಳಿಜೋಳ, ಅದು ಚೀಲದಲ್ಲಿ ಸಿಗುತ್ತದೆ. ಬಿತ್ತನೆ ಬೀಜ ಮಾರುವಲ್ಲಿ ಅಗ್ಗವೆಂದು ಕೊಳ್ಳಲೇಬೇಡಿ. ಅದಕ್ಕೆ ಬೂಷ್ಟುನಾಶಕ ಲೇಪಿಸಿರುತ್ತಾರೆ. ನಮ್ಮ ಹಿಂಗಾರಿಯ ಮಾಲದಂಡಿ ಕಾಳಿನ ಗಾತ್ರ, ಮುತ್ತಿನ ಹೊಳಪು, ರೊಟ್ಟಿಯಲ್ಲಿ ಬರುವ ಸಿಹಿ ಇಲ್ಲಿನ ಜೋಳಕ್ಕಿಲ್ಲ. ಆದರೂ ಆಗತಾನೆ ಬೀಸಿದ ಇಲ್ಲಿನ ಜೋಳ, ಹಡಗಿನಲ್ಲಿ ಬಂದು ಕಪಾಟಿನಲ್ಲಿ ಕೂತ ಮಾಲದಂಡಿ ಹಿಟ್ಟಿಗಿಂತ ಎಷ್ಟೋ ವಾಸಿ. ಇದನ್ನು ನಾನು ಅನುಮಾನವಿಲ್ಲದೆ ಹೇಳುತ್ತೇನೆ.

ಕಾಳು ಚೀಲದಲ್ಲಿ ಎಷ್ಟೇ ಶುಭ್ರವಾಗಿ ಕಂಡರೂ ತಟ್ಟೆಯಲ್ಲಿ ಹರಡಿ ಕೈಯಾಡಿಸಿ ನೋಡಬೇಕು. ಹೊಟ್ಟು, ಕಡ್ಡಿ ಇದ್ದರೆ ಹಿಟ್ಟಿನೊಳಗೆ ಹೋಗುವುದಷ್ಟೇ, ಒಂದು ಹರಳು ಮಾತ್ರ ಕಲ್ಲಿನ ಮುಖಕ್ಕೇ ಪೆಟ್ಟು. ತೊಳೆದಿದ್ದರೆ ಕಟುಂ ಎನ್ನುವಷ್ಟು ಒಣಗಿರಲೇಬೇಕು. ಹಲ್ಲಲ್ಲಿ ಕಚ್ಚಿದರೆ ಕಾಳು ಚಟ್ಟನೆ ಸಿಡಿಯಬೇಕು. ಹಲ್ಲಿಗೆ ಚಪ್ಪಟೆಯಾದರೆ ಪಸೆ ಇದೆಯೆಂದು ಅರ್ಥ. ಪಸೆಯ ಕಾಳು ಕಲ್ಲಿಗೆ ಮೆತ್ತಿಕೊಂಡು ಕೂರುತ್ತದೆ.

ಬೀಸುವಾಗ ಮೊದಲು ಮಿಕ್ಸರ್ ಚಾಲೂ ಮಾಡಬೇಕು, ಆಮೇಲೆ ಕಾಳು. ಖಾಲಿ ಓಡುತ್ತಿರುವಾಗಲೇ ತಿರುಗುಣಿಯನ್ನು ನಿಧಾನವಾಗಿ ಬಿಗಿಯುತ್ತ ಹೋದರೆ ಒಂದು ಹಂತದಲ್ಲಿ ಕಲ್ಲಿಗೆ ಕಲ್ಲು ತಾಕಿ ಟಿಕ್ ಟಿಕ್ ಸದ್ದು ಬರುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದೆ ತಂದು, ತಕ್ಷಣ ಕಾಳು ಸುರಿಯಬೇಕು. ತುಂಬಿದ ಗಿರಣಿಯನ್ನು ನಿಂತಲ್ಲಿಂದ ಶುರು ಮಾಡಿದರೆ ಮೋಟಾರಿಗೆ ಒಮ್ಮೆಲೇ ಹೊರೆ ಬೀಳುತ್ತದೆ. ಅರ್ಧ ಕೆಜಿ ಜೋಳಕ್ಕೆ ಹತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ, ಸದ್ದು ಜೋರೇ. ಒಂದೇ ಸಲಕ್ಕೆ 10 ಕಪ್ ಹಿಟ್ಟಿಗಿಂತ ಹೆಚ್ಚು ಬೀಸಬೇಡಿ ಎಂದು ಕಿಚನ್‌ಏಡ್ ತನ್ನ ಗಿರಣಿಯ ಕೈಪಿಡಿಯಲ್ಲಿ ಹೇಳುತ್ತದೆ. ನಾನು ಅದರ ಅರ್ಧಕ್ಕೇ ನಿಲ್ಲಿಸಿ, ಮಿಕ್ಸರಿನ ತಲೆಯ ಮೇಲೆ ಕೈಯಿಟ್ಟು ನೋಡಿ, ಬಿಸಿಯಿದ್ದರೆ ಆರಲು ಬಿಡುತ್ತೇನೆ. ಇದು ಮೂಲತಃ ಹಿಟ್ಟು ಕಲಸುವ ಯಂತ್ರ ಎಂಬುದನ್ನು ಮರೆಯಬಾರದು.

ಹಿಟ್ಟಿನ ಪರೀಕ್ಷೆ ಹೆಬ್ಬೆರಳು ತೋರುಬೆರಳಿನ ನಡುವೆ. ಚಿಟಿಕೆ ತೆಗೆದು ತಿಕ್ಕಿದಾಗ ಜೋಳದ ಹಿಟ್ಟು ಬೆರಳ ಗೆರೆಗಳಲ್ಲಿ ಇಳಿದು ಕೂರಬೇಕು. ತರಿ ತಾಕಿದರೆ ಇನ್ನೊಂದು ಸಲ ಬೀಸುತ್ತೇನೆ. ಜೋಳದ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ಗೋಧಿಯಲ್ಲಿ ಗ್ಲೂಟೆನ್ ಎಂಬ ಅಂಟು ಇರುವುದರಿಂದ ಹಿಟ್ಟು ಸ್ವಲ್ಪ ತರಿಯಾಗಿದ್ದರೂ ಚಪಾತಿ ಹರಿಯುವುದಿಲ್ಲ. ಜೋಳದಲ್ಲಿ ಆ ಅಂಟಿಲ್ಲ. ರೊಟ್ಟಿಯನ್ನು ಹಿಡಿದಿಡುವುದು ಕುದಿನೀರಿನಲ್ಲಿ ಅರೆಬೆಂದು ಉಬ್ಬಿದ ಪಿಷ್ಟ ಮಾತ್ರ. ಕಣ ಎಷ್ಟು ಸಣ್ಣದೋ ಅಷ್ಟು ಬೇಗ, ಅಷ್ಟು ಪೂರ್ತಿಯಾಗಿ ನೀರು ಒಳಗಿಳಿಯುತ್ತದೆ. ತರಿ ಹಾಗೇ ಉಳಿದರೆ ಬಡಿಯುವಾಗ ಬಿರುಕು ಶುರುವಾಗುವುದೇ ಅಲ್ಲಿಂದ.

ಹಾಗಾಗಿ ಹಿಟ್ಟಿನ ನಡುವೆ ಗುಳಿ ಮಾಡಿ, ಮರಳುತ್ತಿರುವ ಎಸರನ್ನೇ ಸುರಿದು, ಸೌಟಿನ ಹಿಡಿಯಿಂದ ಕಲಸಿ ಎರಡು ನಿಮಿಷ ಮುಚ್ಚಿಡುತ್ತೇನೆ. ಆಮೇಲೆ ಒಂದು ರೊಟ್ಟಿಗಾಗುವಷ್ಟೇ ಹಿಟ್ಟು ತೆಗೆದುಕೊಂಡು, ಕೈಗೆ ತಣ್ಣೀರು ಹಚ್ಚಿಕೊಂಡು, ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ ತಳ್ಳಿ ನಾದುವುದು. ಮೊದಲ ತಳ್ಳಿಗೆ ಹಿಟ್ಟು ಒಡೆದು ಹೋಗುತ್ತದೆ. ತಳ್ಳುತ್ತ ಹೋದಂತೆ ಒಡಕು ಮುಚ್ಚಿ, ಮೇಲ್ಮೈ ನುಣುಪಾಗಿ, ಉಂಡೆ ಪರಾತದಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ತಾಜಾ ಹಿಟ್ಟು ಆ ಹಂತಕ್ಕೆ ಬೇಗ ಬರುತ್ತದೆ. ಒಣಹಿಟ್ಟು ಉದುರಿಸಿ ಬಡಿಯುವಾಗ ಉಂಡೆ ಕೈಯ ಕೆಳಗೆ ತಾನೇ ತಿರುಗುತ್ತ ಹಿಗ್ಗುತ್ತದೆ, ಅಂಚನ್ನು ಮತ್ತೆ ಮತ್ತೆ ಕೂಡಿಸುವ ಕೆಲಸವಿಲ್ಲ. ಹಂಚಿಗೆ ಹಾಕಿ ಮೇಲೆ ನೀರು ಸವರಿ, ತಿರುವಿ ಹಾಕಿದ ಮೇಲೆ ಉಬ್ಬಿ ನಿಂತ ರೊಟ್ಟಿ ನೋಡಿದರೆ ಇಷ್ಟೆಲ್ಲ ಸಲಕರಣೆ ಯಾಕೆಂದು ಯಾರೂ ಕೇಳುವುದಿಲ್ಲ.

ಗೋಧಿಯಲ್ಲಿ ಕ್ಯಾನ್ಸಸ್‌ನವರಿಗೆ ಯಾರೂ ಪಾಠ ಹೇಳಬೇಕಿಲ್ಲ. 1874ರಲ್ಲಿ ರಷ್ಯಾದಿಂದ ವಲಸೆ ಬಂದ ಮೆನೊನೈಟ್ ರೈತರು ತಂದ ಟರ್ಕಿ ರೆಡ್ ಎಂಬ ಚಳಿಗಾಲದ ಕೆಂಪು ಗೋಧಿಯಿಂದಲೇ ಈ ನಾಡು ಗೋಧಿಯ ಕಣಜವಾಯಿತು. ಆ ಕೆಂಪು ಗೋಧಿ ಬ್ರೆಡ್ಡಿಗೆ ಸೊಗಸು. ಚಪಾತಿಗೆ ತವುಡಿನ ಸಣ್ಣ ಒಗರು ಉಳಿಯುವುದರಿಂದ ನನಗೆ ಗಟ್ಟಿ ಬಿಳಿಗೋಧಿಯೇ ಇಷ್ಟ. ಮನೆಯಲ್ಲಿ ಬೀಸಿದ ಗೋಧಿಯ ತವುಡು ನೀರು ಕುಡಿಯಲು ಹೊತ್ತು ಬೇಕು. ಕಲಸಿ ಅರ್ಧ ಗಂಟೆಯಾದರೂ ನೆನೆಯಲು ಬಿಟ್ಟರೆ ಚಪಾತಿ ಮೆತ್ತಗಾಗುತ್ತದೆ. ನಮ್ಮ ಜವೆಗೋಧಿಯ ಬಳಗದ ಎಮ್ಮರ್ ಗೋಧಿ ಇಲ್ಲಿ ಫಾರೋ ಎಂಬ ಹೆಸರಲ್ಲಿ ಸಿಗುತ್ತದೆ. ಅದನ್ನು ಉಕ್ಕಿನ ಗಿರಣಿಯಲ್ಲಿ ದಪ್ಪಗೆ ಒಡೆದು, ಬೆಲ್ಲ ಹಾಕಿ ಪಾಯಸ ಮಾಡಿ ನೋಡಿ.

ರಾಗಿ ತೀರಾ ಸಣ್ಣ ಕಾಳು. ಉಕ್ಕಿನ ಹಲ್ಲಿನ ಸಂದಿಯಲ್ಲಿ ಎಷ್ಟೋ ಕಾಳು ಇಡಿಯಾಗಿಯೇ ಜಾರಿ ಬೀಳುತ್ತದೆ, ಕಲ್ಲಿನಲ್ಲಿ ಆ ತೊಂದರೆಯಿಲ್ಲ. ಮುದ್ದೆಗೆ ಒಮ್ಮೆ ಬೀಸಿ ಜರಡಿ ಹಿಡಿದರೆ ಸಾಕು. ಮೊಳಕೆ ಕಟ್ಟಿದ ರಾಗಿಯಾದರೆ ಪೂರ್ತಿ ಒಣಗಿಸಿ, ಘಮ್ಮೆನ್ನುವ ಹಾಗೆ ಹುರಿದು, ತಣ್ಣಗಾದ ಮೇಲೆ ಬೀಸಬೇಕು. ಕಡಲೆಬೇಳೆಯನ್ನು ಮೊದಲು ಉಕ್ಕಿನಲ್ಲಿ ಒಡೆದುಕೊಂಡು ಆಮೇಲೆ ಕಲ್ಲಿಗೆ ಹಾಕುತ್ತೇನೆ. ಎಳ್ಳು, ಶೇಂಗಾ, ಅಗಸೆಯನ್ನು ಮಾತ್ರ ಯಾವ ಕಾರಣಕ್ಕೂ ಕಲ್ಲಿಗೆ ತೋರಿಸಬಾರದು. ಎಣ್ಣೆ ಕಲ್ಲಿನ ಮುಖವನ್ನು ಮುಚ್ಚಿಬಿಡುತ್ತದೆ. ಚಟ್ನಿಪುಡಿ ಮಿಕ್ಸಿ ಜಾರಿನ ಪಾಲಿಗೇ ಇರಲಿ.

ಕಲ್ಲಿಗೆ ನೀರು ಸೋಕಿಸುವಂತಿಲ್ಲ. ಒಂದು ಹಿಡಿ ಒಣ ಅಕ್ಕಿಯನ್ನು ತುಸು ತರಿಯಾಗಿ ಬೀಸಿದರೆ ಹಳೆಯ ಹಿಟ್ಟೆಲ್ಲ ಅದರ ಜೊತೆ ಹೊರಬರುತ್ತದೆ, ಉಳಿದದ್ದಕ್ಕೆ ಒಣ ಕುಂಚ.

ಎಷ್ಟು ಬೀಸಿಡಬೇಕು ಎಂಬುದನ್ನು ಕಾಳಿನ ಕೊಬ್ಬು ನಿರ್ಧರಿಸುತ್ತದೆ. ಇಡೀ ಕಾಳಿನಲ್ಲಿ ಎಣ್ಣೆ ಮೊಳಕೆಯ ಭಾಗದೊಳಗೆ ಭದ್ರವಾಗಿರುತ್ತದೆ. ಬೀಸಿದೊಡನೆ ಗಾಳಿಗೂ ಕಿಣ್ವಗಳಿಗೂ ಸಿಕ್ಕಿ ಕಮಟತೊಡಗುತ್ತದೆ. ಸಜ್ಜೆಯಲ್ಲಿ ಕೊಬ್ಬು ಸುಮಾರು ಶೇ. 5, ರಾಗಿಯಲ್ಲಿ ಶೇ. 1.3ರ ಸುಮಾರು. ಅದಕ್ಕೇ ಸಜ್ಜೆ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ, ರಾಗಿ ಹಿಟ್ಟು ವಾರಗಟ್ಟಲೆ ತಡೆಯುತ್ತದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ನಾನು ಆ ಬೆಳಿಗ್ಗೆಯೇ ಬೀಸುತ್ತೇನೆ. ಜೋಳ ಒಂದು ವಾರಕ್ಕಾಗುವಷ್ಟು, ಗೋಧಿ ಹದಿನೈದು ದಿನಕ್ಕಾಗುವಷ್ಟು, ಅದೂ ಫ್ರಿಜ್ಜಿನಲ್ಲಿ. ಗಿರಣಿಯಿಂದ ಬಂದ ಹಿಟ್ಟು ಬೆಚ್ಚಗಿರುತ್ತದೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸದೆ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಗಂಟುಕಟ್ಟುತ್ತದೆ.

ಮನೆಯಲ್ಲಿ ಈಗಾಗಲೇ ಸ್ಟ್ಯಾಂಡ್ ಮಿಕ್ಸರ್ ಇದ್ದು, ವಾರಕ್ಕೊಮ್ಮೆಯಾದರೂ ರೊಟ್ಟಿ ಮಾಡುವವರು ಈ ಗಿರಣಿಯನ್ನು ಧೈರ್ಯವಾಗಿ ಕೊಳ್ಳಿ. ಮಿಕ್ಸರ್ ಇಲ್ಲದವರು ಗಿರಣಿಗಾಗಿಯೇ ಅದನ್ನು ಕೊಳ್ಳಬೇಡಿ, ಆ ದುಡ್ಡಿಗೆ ತನ್ನದೇ ಮೋಟಾರಿರುವ ಪುಟ್ಟ ಹಿಟ್ಟಿನ ಗಿರಣಿ ಬರುತ್ತದೆ. ಇಬ್ಬರೂ ಮೊದಲ ಚೀಲಕ್ಕೆ ಬಿಳಿಜೋಳವನ್ನೇ ತನ್ನಿ. ಹೊಸ ಹಿಟ್ಟಿಗೂ ಹಳೆಯದಕ್ಕೂ ಇರುವ ಅಂತರ ಅಷ್ಟು ಸ್ಪಷ್ಟವಾಗಿ ಬೇರೆ ಯಾವ ಕಾಳಿನಲ್ಲೂ ಕೈಗೆ ಸಿಗುವುದಿಲ್ಲ.