ಹಳದಿಯಾಗಿಯೇ ಉಳಿದ ಜೆಲ್

ಮಂಡ್ಯದಲ್ಲಿ ಎಂಡೋಸ್ಕೋಪಿಗೆಂದು ನನ್ನ ಬಳಿ ಬರುವವರದ್ದೆಲ್ಲ ಒಂದೇ ಮಾತು, 'ಗ್ಯಾಸ್ಟ್ರಿಕ್ಕು'. ಆ ಕಬ್ಬು ಬೆಳೆಗಾರರೂ ಹಾಗೇ ಹೇಳಿಕೊಂಡು ಬಂದರು. ಒಳಗೆ ನೋಡಿದರೆ ಜಠರದ ಒಳಪದರ ದಪ್ಪಗಾಗಿದೆ, ಅಲ್ಲಲ್ಲಿ ಹುಣ್ಣು. ಚೂರುಗಳನ್ನು ಚಿವುಟಿ ತೆಗೆದು ಒಂದನ್ನು ಯೂರಿಯೇಸ್ ಪರೀಕ್ಷೆಯ ಹಳದಿ ಜೆಲ್‌ಗೆ ಒತ್ತಿದೆ. ಉಳಿದವು ಫಾರ್ಮಲಿನ್ ಸೀಸೆಯಲ್ಲಿ ಮೈಸೂರಿನ ಲ್ಯಾಬಿಗೆ ಹೋದವು. ಜಠರದಲ್ಲಿ ಬೀಡುಬಿಡುವ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾ ಒಡೆದು ಅಮೋನಿಯಾ ಮಾಡುತ್ತದೆ, ಜೆಲ್ ಗುಲಾಬಿಗೆ ತಿರುಗುತ್ತದೆ. ಸಂಜೆಯಾದರೂ ಹಳದಿಯೇ. 'ನೆಗೆಟಿವ್' ಎಂದು ಬರೆದೆ.

ವಾರದ ಮೇಲೆ ವರದಿ ಬಂತು: ಮಾಲ್ಟ್ ಲಿಂಫೋಮಾ, ದೇಹದ ರಕ್ಷಣಾ ಕಣಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್. ಸಿಟಿ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿರಲಿಲ್ಲ. ರೇಡಿಯೇಷನ್‌ಗೆ ಚೀಟಿ ಬರೆಯಲು ಕೂತವನಿಗೆ ಏನೋ ಇರುಸುಮುರುಸು. ಈ ಕ್ಯಾನ್ಸರ್ ಬಹುಮಟ್ಟಿಗೆ ಎಚ್. ಪೈಲೋರಿಯ ಬೆನ್ನಿಗೇ ಬರುವಂಥದ್ದು.

"ಗ್ಯಾಸ್‌ಗೆ ಮಾತ್ರೆ ಏನಾದ್ರೂ ತಗೋತೀರಾ ಯಜಮಾನ್ರೇ?"

"ಬೆಳಿಗ್ಗೆ ಎದ್ದೇಟ್ಗೆ ಒಂದ್ ನುಂಗ್ತೀನಿ ಸಾ. ಅದೂ ಒಂದ್ ಮಾತ್ರೆಯಾ?"

ಮೊದಲ ದಿನವೇ ಕೇಳಬೇಕಿತ್ತು. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಈ ಬ್ಯಾಕ್ಟೀರಿಯಾವನ್ನು ನಿರ್ನಾಮ ಮಾಡುವುದಿಲ್ಲ, ಪರೀಕ್ಷೆಗೆ ಸಿಗದಷ್ಟು ಅಡಗಿಸುತ್ತದೆ. ಎರಡು ವಾರ ನಿಲ್ಲಿಸಿ ಮತ್ತೆ ಚೂರು ತೆಗೆದೆ. ಕೈ ತೊಳೆದು ಬರುವಷ್ಟರಲ್ಲಿ ಚೂರಿನ ಸುತ್ತ ಗುಲಾಬಿ ಬಳೆ.

"ಹುಳಕ್ಕೂ ಕ್ಯಾನ್ಸರ್‌ಗೂ ಏನ್ ಸಾ ಸಂಬಂಧ?"

ಆರೋಗ್ಯವಾಗಿರುವ ಜಠರದಲ್ಲಿ ರಕ್ಷಣಾ ಕಣಗಳ ಗಂಟುಗಳು ಇರುವುದೇ ಇಲ್ಲ ಎನ್ನಬೇಕು. ಎಚ್. ಪೈಲೋರಿ ವರ್ಷಗಟ್ಟಲೆ ಕೂತರೆ ಅವು ಬಂದು ಬಿಡಾರ ಹೂಡುತ್ತವೆ. ಅವುಗಳಲ್ಲಿ ಟಿ ಕಣಗಳು ಎಂಬವು ಬ್ಯಾಕ್ಟೀರಿಯಾವನ್ನು ಗುರುತಿಸಿ, ಬಿ ಕಣಗಳು ಎಂಬ ಇನ್ನೊಂದು ಬಗೆಯವನ್ನು ಬೆಳೆಯಿರಿ ಎಂದು ಹುರಿದುಂಬಿಸುತ್ತಲೇ ಇರುತ್ತವೆ. ಹಾಗೆ ಬೆಳೆದ ಬಿ ಕಣಗಳಲ್ಲೇ ಒಂದು ಗುಂಪು ಕ್ಯಾನ್ಸರ್‌ಗೆ ತಿರುಗುತ್ತದೆ. ಶುರುವಿನಲ್ಲಿ ಅದಕ್ಕೂ ಟಿ ಕಣಗಳ ಕುಮ್ಮಕ್ಕು ಬೇಕು; ಬ್ಯಾಕ್ಟೀರಿಯಾ ಹೋದರೆ ಆ ಕುಮ್ಮಕ್ಕೂ ನಿಲ್ಲುತ್ತದೆ. ಯಜಮಾನರಿಗೆ ಇಷ್ಟೇ ಹೇಳಿದೆ: "ತೂಬು ಮುಚ್ಚಿದ್ರೆ ಗದ್ದೆ ಒಣಗಲ್ವಾ, ಹಂಗೆ." 1993ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು, ಬ್ಯಾಕ್ಟೀರಿಯಾ ಓಡಿಸಿದ್ದರಿಂದಲೇ 6 ರೋಗಿಗಳಲ್ಲಿ 5 ಮಂದಿಯ ಲಿಂಫೋಮಾ ಕರಗಿದ್ದು. ಎಲ್ಲರಿಗೂ ಹೀಗಾಗುವುದಿಲ್ಲ, ಅದನ್ನೂ ಹೇಳಿದೆ.

14 ದಿನ ಎರಡು ಆಂಟಿಬಯೋಟಿಕ್, ಬಿಸ್ಮತ್, ಜೊತೆಗೆ ಅದೇ ಗ್ಯಾಸ್ ಮಾತ್ರೆ. ಮೂರನೇ ದಿನ ಫೋನು: "ಸಾ, ಕರ್ರಗೆ ಹೋಗ್ತಾ ಅದೆ!" ಬಿಸ್ಮತ್‌ನ ಬಣ್ಣ. ಮುಂಚೆ ಹೇಳಿರಲಿಲ್ಲ, ಅದೂ ನನ್ನದೇ ತಪ್ಪು.

ಆರು ತಿಂಗಳಿಗೆ ಒಳಪದರ ನಯವಾಗಿತ್ತು, ಚೂರುಗಳಲ್ಲಿ ಲಿಂಫೋಮಾ ಸಿಗಲಿಲ್ಲ. ಆದರೂ ವರ್ಷವರ್ಷ ನೋಡುತ್ತಿರಬೇಕು ಎಂದಿದ್ದೇನೆ. "ಕಬ್ಬು ಕಡ್ದಾದ್ಮೇಲೆ ಬತ್ತೀನಿ ಸಾ" ಎಂದು ಹೋಗಿದ್ದಾರೆ.