ಮೊದಲ ಕ್ರೂಸರ್ ಬೈಕ್: ಚಿಕ್ಕದು ಸಾಕೇ, ಮಧ್ಯಮ ಗಾತ್ರದ್ದು ಬೇಕೇ?

ಕ್ರೂಸರ್, ಅಂದರೆ ತಗ್ಗಿನ ಸೀಟಿನಲ್ಲಿ ನೆಟ್ಟಗೆ ಕೂತು ಓಡಿಸುವ ಉದ್ದನೆಯ ಬೈಕ್, ತೆಗೆದುಕೊಳ್ಳಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಸಿಸಿ ತಗೊಳ್ಳಲಿ? ಹೀಗೆ ಕೇಳಿದವರಿಗೆಲ್ಲ ನಾನು ನನ್ನ ಗೆಳೆಯನ ವಿಷಯ ಹೇಳುತ್ತೇನೆ.

ಅವನು ಮಧ್ಯಮ ಗಾತ್ರದ ಕ್ರೂಸರ್ ತಂದು ಮೂರನೇ ದಿನ. ಕಿರಿದಾದ ರಸ್ತೆಯಲ್ಲಿ ಗಾಡಿ ತಿರುಗಿಸಿಕೊಳ್ಳುತ್ತಿದ್ದ. ನಡೆದು ಹೋಗುವವರಷ್ಟೂ ವೇಗ ಇರಲಿಲ್ಲ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿತ್ತು. ಎದುರಿಗೆ ಒಂದು ಸೈಕಲ್ ಬಂತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದ. ಗಾಡಿ ನಿಂತಿತು, ನಿಂತಲ್ಲೇ ಬಲಕ್ಕೆ ವಾಲಿತು. ಕಾಲು ಊರಿದ ಜಾಗದಲ್ಲಿ ಜಲ್ಲಿಪುಡಿ ಇತ್ತು, ಶೂ ಒಂದು ಗೇಣು ಜಾರಿತು. ಅಷ್ಟು ಸಾಕಾಯಿತು. ಗಾಡಿ ನಿಧಾನವಾಗಿ, ಎಮ್ಮೆ ಮಲಗಿದ ಹಾಗೆ, ಮಲಗಿಬಿಟ್ಟಿತು. ಕನ್ನಡಿ ಒಡೆಯಿತು, ಬ್ರೇಕ್ ಲಿವರ್ ಮುರಿಯಿತು. ಅವನಿಗೆ ಪೆಟ್ಟಾಗಲಿಲ್ಲ. ಆದರೆ ಮುಂದಿನ ಎರಡು ತಿಂಗಳು ಗಾಡಿ ತಿರುಗಿಸಬೇಕಾದ ಜಾಗಕ್ಕೇ ಅವನು ಹೋಗಲಿಲ್ಲ.

ಅವತ್ತು ಇಂಜಿನ್ನಿನ ಶಕ್ತಿ ಅವನನ್ನು ಏನೂ ಮಾಡಲಿಲ್ಲ. ಬೀಳಿಸಿದ್ದು ನಿಂತ ಗಾಡಿಯ ತೂಕ. ಅದಕ್ಕೇ ಸಿಸಿ ಲೆಕ್ಕ ಸ್ವಲ್ಪ ಹೊತ್ತು ಬದಿಗಿಟ್ಟು, ಕೆಳಗಿನ ಕ್ರಮದಲ್ಲಿ ಹೋಗಿ ನೋಡಿ.

ಹೆಜ್ಜೆ 1: ನೀವು ಓಡಿಸುವ ರಸ್ತೆ ಯಾವುದು?

ಕಳೆದ ಎರಡು ವಾರ ಎಲ್ಲೆಲ್ಲಿ ಓಡಾಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಮುಂದೆ ಎಂದೋ ಹೋಗಬೇಕು ಅಂದುಕೊಂಡ ದೂರದ ಪ್ರವಾಸ ಈ ಪಟ್ಟಿಯಲ್ಲಿ ಬೇಡ. ಪ್ರತಿ ಓಡಾಟದ ಮುಂದೆ ಸಾಮಾನ್ಯವಾಗಿ ಎಷ್ಟು ವೇಗ ಸಿಗುತ್ತದೆ ಅಂತ ಬರೆಯಿರಿ. ಬಹುತೇಕ ಸಾಲುಗಳಲ್ಲಿ 60, 70 ಅಂತಲೇ ಇದ್ದರೆ ಚಿಕ್ಕ ಕ್ರೂಸರ್ ನಿಮಗೆ ಯಾವ ಕೊರತೆಯನ್ನೂ ಮಾಡುವುದಿಲ್ಲ.

ವಾರಕ್ಕೆರಡು ಸಲವಾದರೂ ಹೆದ್ದಾರಿಯಲ್ಲಿ 100ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹೋಗುವವರಿದ್ದರೆ ಮಾತು ಬೇರೆ. ಇದಕ್ಕೆ ಕಾರಣ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ನೂಕಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಕ್ರೂಸರ್‌ನಲ್ಲಿ ನಾವು ನೆಟ್ಟಗೆ, ತೋಳು ಅಗಲಿಸಿ, ಎದೆ ಕೊಟ್ಟು ಕೂರುತ್ತೇವೆ ಅಲ್ವಾ? ಹಾಗಾಗಿ ಗಾಳಿಯ ಹೊಡೆತ ಇನ್ನೂ ಜಾಸ್ತಿ. 50ರಲ್ಲಿ ಹಾಯಾಗಿರುವ 20 ಅಶ್ವಶಕ್ತಿಯ ಇಂಜಿನ್ 100ಕ್ಕೆ ಬಂದಾಗ ತನ್ನಲ್ಲಿರುವುದರಲ್ಲಿ ಬಹುಪಾಲನ್ನು ಕೊಡುತ್ತಿರುತ್ತದೆ. ಆಗ ಲಾರಿಯೊಂದನ್ನು ದಾಟಬೇಕಾದರೆ ಅದರಲ್ಲಿ ಉಳಿದಿರುವ ದಮ್ಮು ಕಡಿಮೆ. ಮಧ್ಯಮ ಗಾತ್ರದ ಗಾಡಿಯಿಂದ ಸಿಗುವ ನಿಜವಾದ ಲಾಭ ಇದೇ: ಹೆದ್ದಾರಿ ವೇಗದಲ್ಲೂ ಕೈಯಲ್ಲಿ ಒಂದಿಷ್ಟು ಪಿಕಪ್ ಉಳಿದಿರುತ್ತದೆ.

ಹೆಜ್ಜೆ 2: ಮೂರು ಅಂಕಿ ಬರೆದುಕೊಳ್ಳಿ

ಗಾಡಿಯ ವಿವರದ ಹಾಳೆಯಲ್ಲಿ ನೂರೆಂಟು ಅಂಕಿ ಇರುತ್ತವೆ. ಹೊಸಬರಿಗೆ ಮುಖ್ಯವಾದವು ಮೂರು: ತೂಕ, ಶಕ್ತಿ, ಸೀಟಿನ ಎತ್ತರ. ತೂಕ ನೋಡುವಾಗ 'ಕರ್ಬ್ ವೇಟ್' ಎಂದಿರುವುದನ್ನೇ ಹಿಡಿಯಿರಿ. ಅದು ಆಯಿಲ್, ಪೆಟ್ರೋಲ್ ಎಲ್ಲ ಸೇರಿದ ತೂಕ. 'ಡ್ರೈ ವೇಟ್' ಅಂದರೆ ಒಣ ತೂಕ, ನೀವು ಓಡಿಸುವ ಗಾಡಿಯ ತೂಕ ಅದಲ್ಲ. 15 ಲೀಟರ್ ಪೆಟ್ರೋಲ್ ಒಂದೇ 11 ಕೆ.ಜಿ. ತೂಗುತ್ತದೆ.

ಈಗ ಈ ಹೋಲಿಕೆ ನೋಡಿ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ತೂಕ 191 ಕೆ.ಜಿ., ಶಕ್ತಿ ಸುಮಾರು 20 ಅಶ್ವಶಕ್ತಿ. ಹೋಂಡಾ ರೆಬೆಲ್ 500ರ ತೂಕವೂ ಹೆಚ್ಚುಕಡಿಮೆ 190 ಕೆ.ಜಿ. ಆದರೆ ಶಕ್ತಿ 45 ಅಶ್ವಶಕ್ತಿಯ ಆಸುಪಾಸು. ತೂಕ ಒಂದೇ, ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ! ಇನ್ನು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650. ಅದರ ಶಕ್ತಿ ರೆಬೆಲ್ 500ರ ಹತ್ತಿರ ಹತ್ತಿರವೇ ಇದೆ, ತೂಕ ಮಾತ್ರ 241 ಕೆ.ಜಿ. ಅಂದರೆ ಒಂದು ಸಿಮೆಂಟ್ ಮೂಟೆಯಷ್ಟು ಹೆಚ್ಚು. ಹಳೆಯ ಸುಝುಕಿ ಎಸ್40 ಇನ್ನೊಂದು ಥರ. ಇಂಜಿನ್ 652 ಸಿಸಿ, ಸಿಲಿಂಡರ್ ಒಂದೇ, ತೂಕ 175 ಕೆ.ಜಿ.ಯನ್ನೂ ಮುಟ್ಟುವುದಿಲ್ಲ.

ಸಿಸಿ ನೋಡಿ ಇದು ಚಿಕ್ಕದು, ಇದು ಮಧ್ಯಮ ಅಂತ ಗೆರೆ ಎಳೆದರೆ ಇವೆಲ್ಲ ತಲೆಕೆಳಗಾಗುತ್ತವೆ. ನನ್ನ ಲೆಕ್ಕ ಬೇರೆ. 175 ಕೆ.ಜಿ. ಒಳಗಿನದು ಹಗುರ. 175ರಿಂದ 200 ಅಂದರೆ ಹೊಸಬರು ಕೆಲವು ವಾರಗಳಲ್ಲಿ ಪಳಗಿಸಿಕೊಳ್ಳಬಹುದಾದದ್ದು. 225 ದಾಟಿದ್ದು ಮೊದಲ ಗಾಡಿಯಾಗಿ ಬರಬೇಕಾದರೆ ಬಲವಾದ ಕಾರಣ ಇರಬೇಕು.

ಶಕ್ತಿಯ ವಿಷಯಕ್ಕೆ ಯುರೋಪಿನ ನಿಯಮ ಒಳ್ಳೆಯ ಅಳತೆಗೋಲು. ಅಲ್ಲಿ 18 ತುಂಬಿದವರಿಗೆ ಸಿಗುವ ಎ2 ಲೈಸೆನ್ಸಿನಲ್ಲಿ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿ ಮೀರಿದ ಗಾಡಿ ಓಡಿಸುವಂತಿಲ್ಲ. ರೆಬೆಲ್ 500, ಸೂಪರ್ ಮೀಟಿಯರ್ 650 ಎರಡೂ ಈ ಮಿತಿಯ ಒಳಗೇ ನಿಲ್ಲುತ್ತವೆ. ಹಾಗಾಗಿ ಈ ಮಟ್ಟದ ಶಕ್ತಿಗೆ ಹೆದರಬೇಕಿಲ್ಲ. ಬಲಗೈ ಹೇಳಿದಷ್ಟೇ ಇಂಜಿನ್ ಎಳೆಯುತ್ತದೆ. ತೂಕ ಮಾತ್ರ ಕೈ ಹೇಳಿದ್ದನ್ನು ಕೇಳುವುದಿಲ್ಲ.

ಸೀಟಿನ ಎತ್ತರ ಕ್ರೂಸರ್‌ಗಳಲ್ಲಿ ಹೇಗೂ ಕಡಿಮೆ. ರೆಬೆಲ್ 690 ಮಿ.ಮೀ., ಕವಾಸಾಕಿ ವಲ್ಕನ್ ಎಸ್ 705, ಸೂಪರ್ ಮೀಟಿಯರ್ 740, ಮೀಟಿಯರ್ 350 ಇವುಗಳಿಗಿಂತ ಎತ್ತರ, 765. ಚಿಕ್ಕ ಗಾಡಿಯ ಸೀಟು ತಗ್ಗಿನಲ್ಲೇ ಇರುತ್ತದೆ ಅನ್ನುವ ನಂಬಿಕೆಯೂ ಇಲ್ಲಿಗೆ ಹೋಯಿತು. ಅಗಲವಾದ ಸೀಟಾದರೆ ತೊಡೆ ಹೊರಕ್ಕೆ ಸರಿದು, ಅದೇ ಎತ್ತರದಲ್ಲೂ ಕಾಲು ನೆಲಕ್ಕೆ ಸರಿಯಾಗಿ ಸಿಗದೆ ಹೋಗಬಹುದು. ಕೂತೇ ನೋಡಬೇಕು.

ಹೆಜ್ಜೆ 3: ಇಂಜಿನ್ ಆನ್ ಮಾಡದೆ ಹತ್ತು ನಿಮಿಷ

ನನ್ನ ಮಟ್ಟಿಗೆ ಇಡೀ ಆಯ್ಕೆಯಲ್ಲಿ ಇದೇ ಮುಖ್ಯ. ಟೆಸ್ಟ್ ರೈಡಿಗೆ ಅವಸರ ಮಾಡಬೇಡಿ. ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಮೊದಲು ಸೈಡ್ ಸ್ಟ್ಯಾಂಡಿನಲ್ಲಿರುವ ಗಾಡಿಯ ಮೇಲೆ ಕೂತು ನೆಟ್ಟಗೆ ಮಾಡಿ. ಈ ಒಂದು ಚಲನೆಯಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಸೊಂಟ ತಿರುಚಿ, ಉಸಿರು ಬಿಗಿಹಿಡಿದು ಎತ್ತಬೇಕಾಯಿತೇ? ಹಾಗಾದರೆ ದಿನಕ್ಕೆ ಹತ್ತು ಸಲ ಅದನ್ನೇ ಮಾಡಬೇಕಾಗುತ್ತದೆ ಅನ್ನುವುದು ನೆನಪಿರಲಿ.

ನೆಟ್ಟಗಾದ ಮೇಲೆ ಎರಡೂ ಹಿಮ್ಮಡಿ ನೆಲಕ್ಕೆ ತಾಗುತ್ತವೆಯೇ ನೋಡಿ. ಬೇರೆ ಬೈಕುಗಳಲ್ಲಿ ಮುಂಗಾಲು ತಾಗಿದರೂ ಅನುಭವಿಗಳು ನಿಭಾಯಿಸುತ್ತಾರೆ. ಮೊದಲ ಕ್ರೂಸರ್‌ನಲ್ಲಿ ಪೂರ್ತಿ ಪಾದ ಊರಬೇಕು, ಮಂಡಿ ಸ್ವಲ್ಪ ಮಡಿಚಿರಬೇಕು. ಮಂಡಿ ಮಡಿಚಿದ್ದರೆ ಮಾತ್ರ ವಾಲುವ ಗಾಡಿಗೆ ಕಾಲಿನಿಂದ ಬಲ ಕೊಡಬಹುದು.

ಆಮೇಲೆ ಹ್ಯಾಂಡಲನ್ನು ಎಡಕ್ಕೆ ಕೊನೆಯ ತನಕ, ಬಲಕ್ಕೆ ಕೊನೆಯ ತನಕ ತಿರುಗಿಸಿ. ಅಗಲವಾದ ಹ್ಯಾಂಡಲ್ ಇದ್ದರೆ ಹೊರಗಿನ ತುದಿ ಕೈಗೆ ಸಿಗದಷ್ಟು ದೂರ ಹೋಗಬಹುದು. ತೋಳು ಪೂರ್ತಿ ಚಾಚಿ, ಬೆನ್ನು ಸೀಟಿನಿಂದ ಮುಂದಕ್ಕೆ ಬರುತ್ತಿದ್ದರೆ ತಿರುಗಿಸುವಾಗ ಕ್ಲಚ್ ಮೇಲೆ ಹಿಡಿತ ಉಳಿಯುವುದಿಲ್ಲ. ನನ್ನ ಗೆಳೆಯನಿಗೆ ಆದದ್ದರಲ್ಲಿ ಇದರ ಪಾಲೂ ಇತ್ತು.

ಕೊನೆಗೆ, ಕೂತಲ್ಲಿಂದಲೇ ಗಾಡಿಯನ್ನು ಕಾಲಿನಿಂದ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ. ಸ್ವಲ್ಪ ಇಳಿಜಾರು ಸಿಕ್ಕರೆ ಇನ್ನೂ ಒಳ್ಳೆಯದು. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ ಗಾಡಿಯನ್ನು ಹಿಂದಕ್ಕೆ ಎಳೆಯುವುದು ಎಷ್ಟು ಕಷ್ಟ ಅನ್ನುವುದು 170 ಕೆ.ಜಿ.ಗೂ 240 ಕೆ.ಜಿ.ಗೂ ಮಧ್ಯೆ ಆಗಲೇ ಅರ್ಥವಾಗುತ್ತದೆ. ಯಾವ ಹಾಳೆಯಲ್ಲೂ ಇದನ್ನು ಓದಿ ತಿಳಿಯಲಾಗದು. ಹತ್ತು ಹೆಜ್ಜೆಗೆ ಏದುಸಿರು ಬಂದರೆ ಆ ಗಾಡಿಯನ್ನು ಪಟ್ಟಿಯಿಂದ ತೆಗೆಯಿರಿ. ಎಷ್ಟೇ ಇಷ್ಟವಾಗಿದ್ದರೂ ತೆಗೆಯಿರಿ.

ಹೆಜ್ಜೆ 4: ಕಾಲು ಎಲ್ಲಿ ಇಡುತ್ತೀರಿ?

ಕ್ರೂಸರ್ ಅಂದರೆ ಕಾಲು ಮುಂದಕ್ಕೆ ಚಾಚಿ ಕೂರುವುದು ಅಂತ ಅನೇಕರ ಕಲ್ಪನೆ. ನೋಡಲು ಚೆಂದ. ಆದರೆ ಕಾಲು ಪೂರ್ತಿ ಮುಂದಿದ್ದರೆ ಗುಂಡಿ ಬಂದಾಗ ಸೀಟಿನಿಂದ ಚೂರು ಎದ್ದು ನಿಲ್ಲಲು ಆಗುವುದಿಲ್ಲ. ಪೆಟ್ಟೆಲ್ಲ ನೇರ ನಡುವಿಗೆ. ಈ ಗಾಡಿಗಳಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವ ಅವಕಾಶವೂ ಕಡಿಮೆ. ಸೂಪರ್ ಮೀಟಿಯರ್ 650ರಲ್ಲಿ ಅದು ಸುಮಾರು 100 ಮಿ.ಮೀ. ಮಾತ್ರ. ಹೊಸಬರಿಗೆ ಫುಟ್‌ರೆಸ್ಟ್ ಮಂಡಿಯ ನೇರಕ್ಕೆ, ಇಲ್ಲವೇ ಸ್ವಲ್ಪವೇ ಮುಂದೆ ಇರುವುದು ಒಳ್ಳೆಯದು. ರೆಬೆಲ್‌ನಲ್ಲಿ ಹಾಗಿದೆ. ವಲ್ಕನ್ ಎಸ್‌ನಲ್ಲಿ ಫುಟ್‌ರೆಸ್ಟನ್ನು ಸವಾರರ ಕಾಲಳತೆಗೆ ತಕ್ಕಂತೆ ಹಿಂದೆ ಮುಂದೆ ಮಾಡಿಕೊಳ್ಳಬಹುದು. ಕುಳ್ಳಗಿರುವವರು, ತುಂಬಾ ಉದ್ದ ಇರುವವರು ಇದನ್ನು ಗಮನಿಸಬೇಕು.

ಹೆಜ್ಜೆ 5: ಓಡಿಸಿ ನೋಡಿ, ಮೊದಲು ನಿಧಾನಕ್ಕೆ

ಟೆಸ್ಟ್ ರೈಡ್ ಅಂದ ಕೂಡಲೇ ಎಲ್ಲರೂ ಎಕ್ಸಿಲರೇಟರ್ ತಿರುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಖಾಲಿ ಜಾಗದಲ್ಲಿ ಮೊದಲ ಗೇರಿನಲ್ಲಿ, ಹಾಫ್ ಕ್ಲಚ್‌ನಲ್ಲಿ, ನಡೆಯುವ ವೇಗದಲ್ಲಿ ನೇರ ಹೋಗಿ. ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಟ್ಟುಕೊಂಡರೆ ಗಾಡಿ ಅಲುಗಾಡದೆ ಸಾಗುತ್ತದೆ. ಆಮೇಲೆ ದೊಡ್ಡ ಎಂಟು ಅಂಕಿ ಬರೆಯಿರಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಕಣ್ಣು ಹೋಗಬೇಕಾದ ಕಡೆ ಇರಲಿ, ಮುಂದಿನ ಚಕ್ರದ ಮೇಲೆ ಬೇಡ.

ಕ್ರೂಸರ್‌ನ ಎರಡು ಚಕ್ರಗಳ ನಡುವಿನ ದೂರ ಜಾಸ್ತಿ. ಮೀಟಿಯರ್ 350ರಲ್ಲಿ 1400 ಮಿ.ಮೀ., ಸೂಪರ್ ಮೀಟಿಯರ್‌ನಲ್ಲಿ 1500, ವಲ್ಕನ್ ಎಸ್‌ನಲ್ಲಿ 1575. ಈ ಉದ್ದದಿಂದ ನೇರ ರಸ್ತೆಯಲ್ಲಿ ಗಾಡಿ ರೈಲಿನ ಹಾಗೆ ಹೋಗುತ್ತದೆ. ಕಿರಿದಾದ ತಿರುವಿನಲ್ಲಿ ಅದೇ ಉದ್ದ ಜಾಗ ಕೇಳುತ್ತದೆ. ನಿಮ್ಮ ಓಡಾಟ ಗಲ್ಲಿ, ಸಂದಿಗಳಲ್ಲೇ ಜಾಸ್ತಿ ಇದ್ದರೆ ಈ 100 ಮಿ.ಮೀ. ವ್ಯತ್ಯಾಸ ದಿನಾ ಗೊತ್ತಾಗುತ್ತದೆ.

ನಿಧಾನದ ಪರೀಕ್ಷೆ ಮುಗಿದ ಮೇಲೆ ದೊಡ್ಡ ರಸ್ತೆಗೆ ಹೋಗಿ. 80ರಲ್ಲಿ ಹ್ಯಾಂಡಲ್, ಫುಟ್‌ರೆಸ್ಟ್, ಕನ್ನಡಿ ಎಷ್ಟು ನಡುಗುತ್ತವೆ ಗಮನಿಸಿ. ಒಂದೇ ಸಿಲಿಂಡರಿನ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ ಮಾತ್ರ ಇಂಧನ ಉರಿಯುತ್ತದೆ. ಅದರ ಡುಗುಡುಗು ಸದ್ದಿಗೆ ಕಾರಣ ಅದೇ. ನಿಧಾನದಲ್ಲಿ ಅದು ಹಿತ, ವೇಗದಲ್ಲಿ ಕೈ ಜೋಮು ಹಿಡಿಸಬಹುದು. ಎರಡು ಸಿಲಿಂಡರಿನದು ಸಾಮಾನ್ಯವಾಗಿ ಹೆಚ್ಚು ನಯ. ಹೆದ್ದಾರಿಗೆ ಮಧ್ಯಮ ಗಾತ್ರವನ್ನು ಒಪ್ಪಲು ಇದು ನನ್ನ ಎರಡನೇ ಕಾರಣ.

ದೊಡ್ಡ ಇಂಜಿನ್ ಬಿಸಿಯೂ ಜಾಸ್ತಿ. ಟ್ರಾಫಿಕ್ಕಿನಲ್ಲಿ ಐದು ನಿಮಿಷ ನಿಂತು, ಮಂಡಿಯ ಒಳಬದಿಗೆ ಎಷ್ಟು ಝಳ ತಾಗುತ್ತದೆ ಅಂತ ನೋಡಿಕೊಳ್ಳಿ.

ಬ್ರೇಕ್, ಹಿಂಬದಿ ಸವಾರ

ಎರಡೂ ಚಕ್ರಕ್ಕೆ ಎಬಿಎಸ್ (ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವುದನ್ನೇ ತಗೊಳ್ಳಿ. ಇದರಲ್ಲಿ ರಾಜಿ ಬೇಡ. ವೇಗ 60ರಿಂದ 80ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಮುಕ್ಕಾಲು ಪಾಲಿನಷ್ಟು ಹೆಚ್ಚಾಗುತ್ತದೆ. ಗಾಬರಿಯಲ್ಲಿ ಬ್ರೇಕ್ ಹಿಂಡುವ ಹೊಸ ಕೈಗೆ ಚಕ್ರ ಲಾಕ್ ಆಗದಿರುವುದೇ ದೊಡ್ಡ ರಕ್ಷೆ.

ಹಿಂದೆ ಯಾರನ್ನಾದರೂ ಕೂರಿಸಿಕೊಂಡೇ ದಿನಾ ಹೋಗುವವರಾದರೆ ಅವರನ್ನೂ ಕರೆದುಕೊಂಡು ಹೋಗಿ ಕೂರಿಸಿ. ಕೆಲವು ಕ್ರೂಸರ್‌ಗಳ ಹಿಂದಿನ ಸೀಟು ಅಂಗೈಯಗಲ. ಗಾಡಿ ಹೊರಬಹುದಾದ ಒಟ್ಟು ಭಾರ ಎಷ್ಟು ಅಂತಲೂ ಕೇಳಿ. ಇಬ್ಬರು ಕೂತರೆ 20 ಅಶ್ವಶಕ್ತಿಯ ಗಾಡಿ ಏರು ರಸ್ತೆಯಲ್ಲಿ ಗೇರ್ ಇಳಿಸಿಕೊಂಡೇ ಹೋಗಬೇಕು. ಮಧ್ಯಮದ್ದಕ್ಕೆ ಆ ಕಷ್ಟ ಇಲ್ಲ.

ಹಾಗಾದರೆ ಯಾವುದು?

ಇದೇ ಮೊದಲ ಗೇರ್ ಬೈಕ್ ಆಗಿದ್ದರೆ, ಓಡಾಟ ಊರೊಳಗೇ ಇದ್ದರೆ, 250ರಿಂದ 350 ಸಿಸಿಯ ಚಿಕ್ಕ ಕ್ರೂಸರ್ ತಗೊಳ್ಳಿ. 286 ಸಿಸಿಯ ರೆಬೆಲ್ 300, ಮೀಟಿಯರ್ 350 ಈ ಗುಂಪಿನವು. ಒಂದು ವರ್ಷ ಓಡಿಸಿ ಮಾರಿದರೂ ಕಲಿತದ್ದು ಕೈಯಲ್ಲೇ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಆದರೂ ಸರಿ. ಮೊದಲ ಗೀರು ಬಿದ್ದಾಗ ಹೊಟ್ಟೆ ಉರಿಯುವುದು ಕಡಿಮೆ.

ಬೇರೆ ಬೈಕ್ ಎರಡು ಮೂರು ವರ್ಷ ಓಡಿಸಿದ್ದೀರಿ, ಕ್ರೂಸರ್ ಮಾತ್ರ ಹೊಸದು ಅಂತಾದರೆ 190 ಕೆ.ಜಿ. ಆಸುಪಾಸಿನ ಮಧ್ಯಮ ಗಾತ್ರದ್ದಕ್ಕೆ ನೇರ ಹೋಗಬಹುದು. ಸುಮ್ನೆ ಚಿಕ್ಕದು ತಗೊಂಡು ಆರು ತಿಂಗಳಿಗೆ ಬೇಜಾರು ಮಾಡಿಕೊಳ್ಳುವುದು ಬೇಡ. 240 ಕೆ.ಜಿ.ಯದ್ದು ಬೇಕೇ ಬೇಕು ಅನ್ನುವವರು ಮೂರನೇ ಹೆಜ್ಜೆಯನ್ನು ಎರಡು ಬೇರೆ ಬೇರೆ ದಿನ ಮಾಡಿ. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಕೆಲಸ ಮುಗಿಸಿ ಸುಸ್ತಾಗಿರುವ ಸಂಜೆ.

ಯಾವುದೇ ತಂದರೂ ಬಿದ್ದ ಗಾಡಿ ಎತ್ತುವುದನ್ನು ಮೊದಲ ವಾರವೇ ತಿಳಿದುಕೊಳ್ಳಿ. ಇಂಜಿನ್ ಆಫ್ ಮಾಡಿ, ಗೇರಿನಲ್ಲಿಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಎತ್ತಿದ ಗಾಡಿ ಎಡಗಡೆಗೆ ಬೀಳಬಹುದು. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಹಾಕಿ, ಕುಕ್ಕರಗಾಲಿನಲ್ಲಿ ಕೂತು, ಸೊಂಟವನ್ನು ಸೀಟಿನ ಅಂಚಿಗೆ ಒತ್ತಿ. ಒಂದು ಕೈಯಲ್ಲಿ ಹ್ಯಾಂಡಲ್ ತುದಿ, ಇನ್ನೊಂದರಲ್ಲಿ ಸೀಟಿನ ಹತ್ತಿರದ ಗಟ್ಟಿ ಕಂಬಿ. ಬೆನ್ನು ನೆಟ್ಟಗಿರಲಿ. ತೊಡೆಯ ಬಲದಿಂದ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಹಿಂದಕ್ಕೆ ನಡೆಯಿರಿ. ಗಾಡಿ ಏಳುತ್ತದೆ.